ಬೀದಿಯ ಮರಗಳ ಆಯವ್ಯಯ

ಬೀದಿಯ ಮರಗಳನ್ನು ಕುರಿತು ನಮ್ಮ ಪಟ್ಟಣಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಮರವು ದೇವರಿಗೆ ಸಮಾನ, ಅದರ ಒಂದು ಕೊಂಬೆಯನ್ನು ಮುಟ್ಟುವುದೂ ಪಾಪವೆಂದು ಕೆಲವರು ಹೇಳುವರು. ಮರದಿಂದ ಗೋಡೆ ಬಿರಿಯುವುದು, ಚರಂಡಿ ಕಟ್ಟಿಕೊಳ್ಳುವುದು, ವಿದ್ಯುತ್ತಿನ ತಂತಿ ಹರಿಯುವುದು, ಗಾಳಿಮಳೆ ಬಂದರೆ ಕೊಂಬೆ ತಲೆಯ ಮೇಲೆ ಬೀಳುವುದು. ಆದುದರಿಂದ ಪಟ್ಟಣದಲ್ಲಿ ಮರಕ್ಕೆ ಸ್ಥಳವಿಲ್ಲವೆಂದು ಮತ್ತೆ ಕೆಲವರು ವಾದಿಸುವರು. ಮೊದಲನೆಯವರಲ್ಲಿ ಅನೇಕರು ದೂರದಿಂದ ಮರವನ್ನು ನೋಡಿ ಸಂತೋಷಪಡುವವರು. ಎರಡನೆಯವರಲ್ಲಿ ಅನೇಕರು ಮರದ ಬುಡದಲ್ಲಿಯೇ ಮನೆಯುಳ್ಳವರು. ಇದೊಂದನ್ನು ಗಮನಿಸಿದರೆ ವಿವಾದದ ಮೂಲವು ಅರ್ಧ ತಿಳಿದಂತೆಯೇ ಆಯಿತು.

ನಾವು ಈ ಲೇಖನದಲ್ಲಿ ಮರದ ಸ್ತೋತ್ರವನ್ನು ಮಾಡಹೊರಟಿಲ್ಲ. ಮರದ ಮೇಲೆ ದೂರು ಹೇಳುವುದೂ ನಮ್ಮ ಉದ್ದೇಶವಲ್ಲ. ಗೃಹಸ್ಥನಾದವನು ಮನೆಯ ಲೆಕ್ಕವನ್ನು ಬರೆಯುವಾಗ ಒಂದು ಕಡೆ ಜಮೆಯನ್ನೂ ಮತ್ತೊಂದು ಕಡೆ ಖರ್ಚನ್ನೂ ಬರೆದು, ಕೊನೆಗೆ ಶಿಲ್ಕೆಷ್ಟೆಂದು ನೋಡುವನಷ್ಟೆ. ಬೀದಿಯ ಮರದ ಲೆಕ್ಕವನ್ನೂ ಹಾಗೆಯೇ ಬರೆದು ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ. ಹಾಗೆ ನೋಡಿದಲ್ಲಿ ಹೆಚ್ಚುಕಡಿಮೆಗಳು ಮಾತ್ರವಲ್ಲದೆ, ಜಮೆಯು ಯಾರಿಗೆ ಸೇರುತ್ತದೆ, ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದೂ ತಿಳಿದುಬರುವುದು. ಈ ಎರಡನೆಯ ಪ್ರಶ್ನೆಯೇ ನಿಜವಾಗಿ ಮುಖ್ಯವಾದುದು.

ಪೂರ್ವಿಕರ ವಿಚಾರ

ದಾರಿಯ ಬದಿಯಲ್ಲಿ ಮರಗಳನ್ನು ನೆಡಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಅಧ್ಯಾಯವೇ ಒಂದುಂಟು. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ಈ ಶಾಸ್ತ್ರಕ್ಕೆ ಸ್ಥಾನ ದೊರೆತಿದೆ. (ಈತನು ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಆ ಬಳಿಕದವನು.)

ಪೂರ್ವಿಕರು ಮರವನ್ನು ಪೂಜಿಸಿದರೆಂದು ಎಲ್ಲರೂ ಹೇಳುವರು. ಅವರು ಅಳೆದೂ ನೋಡಿದರೆಂಬುದನ್ನು ಬಹುಮಂದಿ ಮರೆತಿರುವರು. ಮರದಿಂದ ಮರಕ್ಕೆ ಇಪ್ಪತ್ತು ಮೊಳಗಳ ಅಂತರವು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಅಧಮವೆಂಬುದು ವರಾಹಮಿಹಿರನ ಅಭಿಪ್ರಾಯ. ಮೊಳವೊಂದಕ್ಕೆ ಒಂದೂವರೆ ಅಡಿಯಂತೆ ಲೆಕ್ಕಹಾಕಿದರೆ ಕ್ರಮವಾಗಿ ೩೦, ೨೪, ೧೮ ಅಡಿಗಳಾಗುವುವು. ಒತ್ತೊತ್ತಾಗಿ ಬೆಳೆದು ಬೇರಿಗೆ ಬೇರು ಹೆಣೆದುಕೊಂಡ ಮರಗಳು ಚೆನ್ನಾಗಿ ಫಲಿಸವೆಂದೂ ಆತನು ಕಾರಣವನ್ನು ಕೊಟ್ಟಿರುವನು. ಇಂದು ಸಸಿ ನೆಡುವ ಉತ್ಸವಗಳಲ್ಲಿ ಆರೇಳು ಅಡಿಗೊಂದರಂತೆ ಸಸಿಗಳನ್ನು ನೆಟ್ಟು ಸಂಖ್ಯೆಯನ್ನು ದೊಡ್ಡದಾಗಿ ಪ್ರಕಟಿಸುವವರು ಈ ಮಾತನ್ನು ಕೇಳತಕ್ಕುದು.

ಆದರೆ ವರಾಹಮಿಹಿರನ ಕಾಲದ ದಾರಿಯ ಕೆಳಗೆ ನೀರಿನ ಕೊಳವೆ ಇರಲಿಲ್ಲ, ಮೇಲೆ ವಿದ್ಯುತ್ತಿನ ತಂತಿ ಇರಲಿಲ್ಲ. ಆದುದರಿಂದ ಇಂದಿನ ಬೀದಿಯ ಲೆಕ್ಕವನ್ನು ಇಂದಿನ ಬೀದಿಯಲ್ಲಿಯೇ ಮಾಡಬೇಕಾಗಿದೆ. ನಮಗೆ ಸಮೀಪದ ಉದಾಹರಣೆಯೆಂದರೆ ಬೆಂಗಳೂರು.

ಬೆಂಗಳೂರಿನ ಸಾಲುಮರಗಳು

ಬೆಂಗಳೂರಿನ ಮರಗಳು ತಾವಾಗಿ ಬೆಳೆದ ಕಾಡಿನ ಉಳಿಕೆಗಳಲ್ಲ. ಬಹುಮಟ್ಟಿಗೆ ಮನುಷ್ಯರು ಯೋಚಿಸಿ ನೆಟ್ಟವು. ಹೈದರಾಲಿಯು ೧೭೬೦ರಲ್ಲಿ ಲಾಲ್‌ಬಾಗಿಗೆ ಅಡಿಗಲ್ಲು ಹಾಕಿದನು. ೧೮೭೪ರಿಂದ ಅಲ್ಲಿಯ ಅಧಿಕಾರಿಯಾಗಿದ್ದ ಜಾನ್ ಕ್ಯಾಮರಾನರು ದೇಶಾಂತರಗಳಿಂದ ಹಲವು ಗಿಡಗಳನ್ನು ತರಿಸಿ ಬೆಳೆಸಿದರು. ೧೯೦೮ರಲ್ಲಿ ಅವರ ಸ್ಥಾನಕ್ಕೆ ಬಂದವರು ಜರ್ಮನಿಯ ಜಿ. ಎಚ್. ಕ್ರುಂಬಿಗಲ್ಲರು. ಒಂದು ಬೀದಿಯ ಹೂವು ಮುಗಿಯುವಷ್ಟರಲ್ಲಿ ಮತ್ತೊಂದು ಬೀದಿಯಲ್ಲಿ ಹೂವು ಬಿಡುವಂತೆ ಮರಗಳನ್ನು ಆರಿಸಿ ನೆಡಬೇಕೆಂಬುದು ಇವರ ಯೋಜನೆ. ಜಕರಂದದ ನೀಲಿಯ ಬಳಿಕ ಗುಲ್‌ಮೊಹರಿನ ಕೆಂಪು ಬರುವ ಆ ಕ್ರಮವನ್ನು ಇಂದಿಗೂ ನೋಡಬಹುದು. ಬಸವನಗುಡಿ ಮಲ್ಲೇಶ್ವರಗಳು ೧೮೯೮ರ ಪ್ಲೇಗಿನ ಕಾಲದ ಹಿಂದುಮುಂದಾಗಿ ಅಗಲವಾದ ಬೀದಿಗಳೊಡನೆ ಹುಟ್ಟಿದ ಬಡಾವಣೆಗಳಾದುದರಿಂದ ಅಲ್ಲಿ ದೊಡ್ಡ ಮರಗಳಿಗೆ ಎಡೆ ದೊರೆಯಿತು. ನಗರವು ಬೆಳೆದು ಮರಗಳು ಕಡಿಮೆಯಾದಾಗ, ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮೇಲ್ವಿಚಾರಣೆಯಲ್ಲಿ ಲಕ್ಷಗಟ್ಟಲೆ ಸಸಿಗಳನ್ನು ನೆಡಲಾಯಿತು. ಇಂದು ಹೊಸ ಬಡಾವಣೆಗಳಲ್ಲಿ ನಾವು ಕಾಣುವ ನೆರಳಿನಲ್ಲಿ ಬಹುಪಾಲು ಆಗ ನೆಟ್ಟುದರ ಫಲ.

ಇದರಿಂದ ತಿಳಿಯಬೇಕಾದುದು ಇಷ್ಟು: ನೆಟ್ಟವನು ಒಬ್ಬ, ನೆರಳಿನಲ್ಲಿ ಕೂತವನು ಮತ್ತೊಬ್ಬ. ಇಬ್ಬರ ನಡುವೆ ಇಪ್ಪತ್ತು ಮೂವತ್ತು ವರ್ಷಗಳು.

ಜಮೆಯ ಪಕ್ಷ

ಮರದ ಮೊದಲನೆಯ ಜಮೆಯು ನೆರಳು. ಇದು ಕವಿಗಳ ಮಾತಲ್ಲ, ಉಷ್ಣಮಾಪಕದ ಮಾತು. ಬೆಂಗಳೂರಿನ ಬೀದಿಗಳಲ್ಲಿ ವಿದ್ವಾಂಸರು ಅಳತೆ ಮಾಡಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಧ್ಯಾಹ್ನದ ಹೊತ್ತು ಮರಗಳಿರುವ ರಸ್ತೆಯ ಗಾಳಿಯು ಮರಗಳಿಲ್ಲದ ರಸ್ತೆಯ ಗಾಳಿಗಿಂತ ೫.೬ ಸೆಲ್ಸಿಯಸ್ ಡಿಗ್ರಿಗಳವರೆಗೆ ತಂಪಾಗಿದ್ದುದು ಕಂಡುಬಂದಿತು. ರಸ್ತೆಯ ಮೇಲ್ಮೈಯಲ್ಲಿಯಂತೂ ವ್ಯತ್ಯಾಸವು ೨೭.೫ ಡಿಗ್ರಿಗಳವರೆಗೆ ಇತ್ತು. ಚೈತ್ರ ವೈಶಾಖಗಳಲ್ಲಿ ಬರಿಗಾಲಿನಲ್ಲಿ ದೇವಸ್ಥಾನಕ್ಕೆ ಹೋಗಿಬರುವ ಯಾವ ಗೃಹಿಣಿಗಾದರೂ ಈ ಅಂಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರವು ಬಿಸಿಲನ್ನು ತಡೆಯುವುದಲ್ಲದೆ ನೀರನ್ನು ಆವಿಯಾಗಿ ಬಿಟ್ಟು ಗಾಳಿಯನ್ನು ತಣಿಸುವುದು. ಮಣ್ಣಿನ ಹೂಜಿಯ ನೀರು ತಣ್ಣಗಿರುವ ತತ್ತ್ವವೇ ಇದು. ಒಂದು ಲೀಟರು ನೀರು ಆವಿಯಾಗಬೇಕಾದರೆ ಸುಮಾರು ಮೂರರಲ್ಲಿ ಎರಡು ಪಾಲು ವಿದ್ಯುತ್ ಯೂನಿಟ್ಟಿನಷ್ಟು ಶಾಖ ಬೇಕು. ದಿನಕ್ಕೆ ನೂರು ಲೀಟರು ನೀರನ್ನು ಎಲೆಗಳಿಂದ ಬಿಡುವ ಒಂದು ದೊಡ್ಡ ಮರವು ಅರುವತ್ತೈದು ಯೂನಿಟ್ಟುಗಳಿಗೂ ಹೆಚ್ಚಿನ ಶಾಖವನ್ನು ಗಾಳಿಯಿಂದ ಹೀರಿದಂತಾಯಿತು. ಇದಕ್ಕೆ ಯಾವ ಕಂಪೆನಿಯೂ ಬಿಲ್ಲು ಕಳುಹಿಸುವುದಿಲ್ಲ. ಮಂಗಳೂರು ಕಾರವಾರಗಳಂತಹ ಕಡಲತೀರದ ಊರುಗಳಲ್ಲಿ ಗಾಳಿಯಲ್ಲಿಯೇ ನೀರಿನಂಶವು ಹೆಚ್ಚಾಗಿರುವುದರಿಂದ ಈ ಎರಡನೆಯ ಉಪಕಾರವು ಅಷ್ಟಾಗಿ ತಿಳಿಯದು. ಅಲ್ಲಿ ನೆರಳೇ ಮುಖ್ಯ. ಕಲಬುರಗಿ ರಾಯಚೂರುಗಳ ಒಣ ಬೇಸಗೆಯಲ್ಲಿ, ಬೇರಿಗೆ ನೀರು ದೊರೆತರೆ, ಎರಡೂ ಉಂಟು.

ಇನ್ನು ಸಣ್ಣ ಜಮೆಗಳು ಹಲವು. ಜಡಿಮಳೆಯ ಮೊದಲ ಹೊಡೆತವನ್ನು ಎಲೆಗಳು ತಡೆದು ಚರಂಡಿಗೆ ಸ್ವಲ್ಪ ಅವಕಾಶವನ್ನು ಕೊಡುವುವು. ನೆರಳಿನಲ್ಲಿರುವ ಡಾಂಬರು ಬಿಸಿಲಿನದರಷ್ಟು ಬೇಗ ಒಣಗಿ ಬಿರಿಯದು. ಅಳಿಲು ಹಕ್ಕಿಗಳಿಗೆ ಆಶ್ರಯವಾಗುವುದು. ಇವೆಲ್ಲಕ್ಕಿಂತ ಮಿಗಿಲಾಗಿ, ಮರದ ಬುಡವು ಬಡವನ ಅಂಗಡಿ. ಚಪ್ಪಲಿ ಹೊಲಿಯುವವನು, ಹೂವು ಕಟ್ಟಿ ಮಾರುವವಳು, ಇಸ್ತ್ರಿ ಗಾಡಿಯವನು, ಎಳನೀರಿನವನು, ಬಾಡಿಗೆ ಕಾಯುವ ಆಟೋದವನು, ಇವರೆಲ್ಲರೂ ದಿನಕ್ಕೆ ಎಂಟು ಹತ್ತು ಗಂಟೆಗಳ ಕಾಲ ಬೀದಿಯಲ್ಲಿರುವವರು. ನಮಗೆ ಮರವು ಕಿಟಕಿಯಿಂದ ಕಾಣುವ ಹಸುರು. ಅವರಿಗೆ ಅದು ಮನೆಯ ಮಾಡು.

ಜಮೆಯಲ್ಲಿ ಬರೆಯಬಾರದ ಅಂಕೆಗಳನ್ನೂ ಹೇಳಬೇಕು. ಮರವು ನಮಗೆ ಆಮ್ಲಜನಕವನ್ನು ಕೊಟ್ಟು ಬದುಕಿಸುತ್ತದೆಂದು ಶಾಲೆಯ ಭಾಷಣಗಳಲ್ಲಿ ಹೇಳುವುದುಂಟು. ವಾಯುಮಂಡಲದಲ್ಲಿ ಆಮ್ಲಜನಕವು ಐದರಲ್ಲಿ ಒಂದು ಪಾಲಿನಷ್ಟಿದೆ. ನಮ್ಮ ಬೀದಿಯ ಹೊಂಗೆಯಿಂದ ಅದು ಹೆಚ್ಚಬೇಕಾಗಿಲ್ಲ. ಇಂಗಾಲದ ಡೈಆಕ್ಸೈಡನ್ನು ಮರವು ಹೀರುವುದು ನಿಜ. ಆದರೆ ಬೆಳೆಯುತ್ತಿರುವ ಒಂದು ಮರ ವರ್ಷಕ್ಕೆ ಹೀರುವುದು ಸಾಮಾನ್ಯವಾಗಿ ಕೆಲವು ಹತ್ತು ಕಿಲೋಗ್ರಾಮುಗಳು ಮಾತ್ರ. ಒಂದು ಲೀಟರು ಪೆಟ್ರೋಲು ಸುಟ್ಟರೆ ಸುಮಾರು ೨.೩ ಕಿಲೋಗ್ರಾಮು ಹೊರಬೀಳುವುದು. ಹತ್ತು ಹದಿನೈದು ಲೀಟರು ಪೆಟ್ರೋಲಿನಲ್ಲಿ ಮರದ ಒಂದು ವರ್ಷದ ದುಡಿಮೆಯು ಮುಗಿದುಹೋಯಿತು! ಎಲೆಗಳು ಧೂಳನ್ನು ಹಿಡಿಯುವುದೂ ನಿಜವೇ. ಆದರೆ ಎರಡು ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟಾದ ಬೀದಿಯಲ್ಲಿ ಮರದ ಚಪ್ಪರವು ಬಹಳ ಒತ್ತಾದರೆ ವಾಹನಗಳ ಹೊಗೆಯು ಮೇಲೇರದೆ ಕೆಳಗೇ ನಿಲ್ಲುವುದೆಂದು ತಜ್ಞರು ಕಂಡುಕೊಂಡಿರುವರು. ಸುಳ್ಳು ಜಮೆಯಿಂದ ಸತ್ಯವಾದ ಜಮೆಗೂ ಅಪಕೀರ್ತಿ ಬರುವುದು. ಆದುದರಿಂದ ಇವನ್ನು ಬಿಟ್ಟುಬಿಡುವುದೇ ಲೇಸು. ನೆರಳೊಂದೇ ಸಾಕು.

ಖರ್ಚಿನ ಪಕ್ಷ

ಖರ್ಚಿನ ಪಟ್ಟಿಯೂ ಚಿಕ್ಕದಲ್ಲ. ಸಸಿಯ ಬೆಲೆ ಅಲ್ಪ. ಗುಂಡಿ, ಗೊಬ್ಬರ, ಬೇಲಿ, ಎರಡು ಮೂರು ಬೇಸಗೆಗಳ ನೀರು, ಇವುಗಳದೇ ದೊಡ್ಡ ವೆಚ್ಚ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಹೆಸರನ್ನು ಕೇಳದವರಿಲ್ಲ. ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು ೨೦೨೫ರ ನವೆಂಬರಿನಲ್ಲಿ ದಿವಂಗತರಾದ ಆ ತಾಯಿಯು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಪತಿಯೊಡನೆ ನೂರಾರು ಆಲದ ಸಸಿಗಳನ್ನು ನೆಟ್ಟರು. ಲೋಕವು ನೆಟ್ಟುದನ್ನು ಕೊಂಡಾಡಿತು. ಕೊಂಡಾಡಬೇಕಾದುದು ಅವರು ಬಿಂದಿಗೆಗಳಲ್ಲಿ ನೀರನ್ನು ಹೊತ್ತು ಮೈಲಿಗಟ್ಟಲೆ ನಡೆದುದನ್ನು. ನೆಡುವುದು ಒಂದು ದಿನದ ಕೆಲಸ, ಬೆಳೆಸುವುದು ವರ್ಷಗಳ ವ್ರತ.

ಮರವು ಬೆಳೆದ ಮೇಲೆ ಬೇರೆ ಬಗೆಯ ಖರ್ಚು ಮೊದಲಾಗುವುದು. ಒಣ ಕೊಂಬೆಗಳನ್ನು ಕಾಲಕಾಲಕ್ಕೆ ತೆಗೆಸಬೇಕು. ಎಲೆ ಉದುರುವ ಕಾಲದಲ್ಲಿ ಪೌರಕಾರ್ಮಿಕರಿಗೆ ಇಮ್ಮಡಿ ಕೆಲಸ. ಬೇರು ಕಾಲುದಾರಿಯ ಕಲ್ಲುಗಳನ್ನು ಎಬ್ಬಿಸಿ ವೃದ್ಧರು ಎಡವುವಂತೆ ಮಾಡುವುದು. ಕೊಂಬೆಗಳು ಬೀದಿದೀಪವನ್ನು ಮುಚ್ಚಿದರೆ ಸಂಜೆ ಕೆಲಸದಿಂದ ಹಿಂದಿರುಗುವ ಹೆಣ್ಣುಮಕ್ಕಳಿಗೆ ಅಂಜಿಕೆ. ಮನೆಯ ಮೇಲೆ ಸೌರಫಲಕವನ್ನು ಹಾಕಿಸಿದವರಿಗೆ ನೆರಳೇ ನಷ್ಟ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಮತ್ತೊಂದು ತೊಂದರೆ: ಆ ಮಣ್ಣು ಒಣಗಿದರೆ ಕುಗ್ಗುವುದು, ನೆನೆದರೆ ಹಿಗ್ಗುವುದು, ಆಳವಿಲ್ಲದ ತಳಪಾಯದ ಮಗ್ಗುಲಲ್ಲಿ ದೊಡ್ಡ ಮರವು ನೀರನ್ನು ಹೀರಿದರೆ ಗೋಡೆ ಬಿರುಕು ಬಿಡಬಹುದು. ಇಂತಹ ಮನೆಯವರು ದೂರು ಹೇಳಿದರೆ ಅವರನ್ನು ವೃಕ್ಷದ್ರೋಹಿಗಳೆಂದು ಹೀಯಾಳಿಸುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಭಯಂಕರವಾದುದು ಮರ ಉರುಳುವುದು. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಮರ ಬಿದ್ದು ಪ್ರಾಣಹಾನಿಯಾದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿದಾಗ ಯಾರ ಮನಸ್ಸಾದರೂ ಕಲಕುವುದು. ಸತ್ತವನ ಮನೆಯವರ ಮುಂದೆ ಡಿಗ್ರಿ ಯೂನಿಟ್ಟುಗಳ ಲೆಕ್ಕವನ್ನು ಹೇಳಲಾದೀತೆ? ಆದುದರಿಂದ ಮರ ಏಕೆ ಬೀಳುತ್ತದೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಕೆಲವು ಮರಗಳ ಸ್ವಭಾವವೇ ದುರ್ಬಲ. ಗುಲ್‌ಮೊಹರಿನ ಹೂವು ಚೆಲುವಾದರೂ ಕೊಂಬೆ ಪೆಡಸು, ಬೇರು ಮೇಲ್ಮಟ್ಟದ್ದು. ಆಕಾಶಮಲ್ಲಿಗೆಯ ಮರವೂ ಮುರಿಯುವಂಥದೇ. ಆದರೆ ಬಹುಸಲ ಮರವನ್ನು ಕೆಡವುವವರು ನಾವೇ. ಚರಂಡಿಗೆಂದೋ ಕೊಳವೆಗೆಂದೋ ಒಂದು ಮಗ್ಗುಲಿನ ಬೇರುಗಳನ್ನೆಲ್ಲ ಕತ್ತರಿಸುವರು. ತಂತಿಗೆ ತಗಲುವುದೆಂದು ಮತ್ತೊಂದು ಮಗ್ಗುಲಿನ ಕೊಂಬೆಗಳನ್ನೆಲ್ಲ ಸವರುವರು. ಒಂದು ಕಡೆ ಕಾಲಿಲ್ಲ, ಮತ್ತೊಂದು ಕಡೆ ಕೈಯಿಲ್ಲ. ಹೀಗಾದ ಮೇಲೆ ಅದು ಗಾಳಿಗೆ ಹೇಗೆ ನಿಂತೀತು?

ಸಂಸ್ಕೃತದಲ್ಲಿ ಮರಕ್ಕೆ ಪಾದಪವೆಂಬ ಹೆಸರುಂಟು. ಪಾದಗಳಿಂದ ಕುಡಿಯುವುದೆಂದು ಅದರ ಅರ್ಥ. ನಮ್ಮ ಬೀದಿಯಲ್ಲಿ ಕಾಲುದಾರಿಯನ್ನು ಹೊಸದು ಮಾಡಿದವರು ಹೊಂಗೆಯ ಮರಗಳ ಕಾಂಡಕ್ಕೆ ತಾಗುವಂತೆಯೇ ಸಿಮೆಂಟು ಹಾಕಿ ಹೋದರು. ಪಾದಗಳನ್ನು ಹೀಗೆ ಮುಚ್ಚಿದರೆ ಅದು ಏನನ್ನು ಕುಡಿಯಬೇಕು? ಮಳೆಯ ನೀರು ಬೇರಿಗೆ ಇಳಿಯದು, ಗಾಳಿ ಸೇರದು. ಮೇಲೆ ಹಸುರಾಗಿ ಕಾಣುವ ಮರವು ಕೆಳಗೆ ಕೊಳೆಯುತ್ತಿರುವುದು. ದೆಹಲಿಯ ಮರಗಳ ಬುಡದಿಂದ ಒಂದು ಮೀಟರಿನ ಒಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೩ರಲ್ಲಿಯೇ ಆಜ್ಞಾಪಿಸಿತು. ನ್ಯಾಯಾಲಯವು ಹೇಳುವವರೆಗೆ ಕಾಯಬೇಕಾದ ವಿಷಯವೆ ಇದು? ಹಾಗೆಯೇ ಕೊಳವೆಯ ವಿಚಾರ. ಗಟ್ಟಿಯಾದ ಕೊಳವೆಯನ್ನು ಬೇರು ಒಡೆಯುವುದು ಅಪರೂಪ. ಮೊದಲೇ ಸೋರುತ್ತಿದ್ದ ಸಂದಿಯ ತೇವವನ್ನು ಅರಸಿಕೊಂಡು ಅದು ಒಳಹೊಗುವುದು. ಮರದ ಖಾತೆಯಲ್ಲಿ ಬರೆಯುವ ಖರ್ಚಿನಲ್ಲಿ ಒಂದು ಪಾಲು ಹೀಗೆ ಕಾಮಗಾರಿಯ ಖಾತೆಗೆ ಸೇರತಕ್ಕುದಾಗಿದೆ.

ರೂಪಾಯಿಯ ಲೆಕ್ಕ

ಹಾಗಾದರೆ ಕೊನೆಗೆ ಶಿಲ್ಕೆಷ್ಟು? ಇದನ್ನು ಹಣದಲ್ಲಿ ಹೇಳಲು ಪ್ರಯತ್ನಪಟ್ಟವರು ಹಲವರು. ನಗರದ ಪ್ರತಿಯೊಂದು ಮರವನ್ನೂ ಎಣಿಸಿ ಖರ್ಚುವೆಚ್ಚಗಳನ್ನು ಬರೆದಿಡುವ ಪದ್ಧತಿಯು ಅಮೆರಿಕದಲ್ಲಿ ಮುಂದುವರಿದಿರುವುದರಿಂದ ಅಲ್ಲಿಯ ಅಂಕೆಗಳನ್ನು ನೋಡೋಣ. ೨೦೦೫ರಲ್ಲಿ ಪ್ರಕಟವಾದ ಐದು ನಗರಗಳ ಅಧ್ಯಯನದಂತೆ, ಮರಗಳಿಗೆಂದು ಖರ್ಚು ಮಾಡಿದ ಒಂದೊಂದು ಡಾಲರಿಗೆ ೧.೩೭ರಿಂದ ೩.೦೯ ಡಾಲರುಗಳವರೆಗೆ ಪ್ರಯೋಜನವು ದೊರೆಯಿತು. ನ್ಯೂಯಾರ್ಕ್ ನಗರದ ೨೦೦೭ರ ಲೆಕ್ಕದಲ್ಲಿ ಇದು ೫.೬೦ ಡಾಲರು. ಅಂದರೆ ಎಲ್ಲೆಡೆಯೂ ಜಮೆಯೇ ಹೆಚ್ಚು. ಆದರೆ ಎಷ್ಟು ಹೆಚ್ಚೆಂಬುದು ಊರಿನಿಂದ ಊರಿಗೆ ಬೇರೆ. ಆ ಜಮೆಯಲ್ಲಿ ದೊಡ್ಡದೊಂದು ಪಾಲು ಮರಗಳಿಂದ ಮನೆಗಳ ಬೆಲೆಯೇರುವ ಲಾಭವೆಂಬುದನ್ನೂ ಮರೆಯಬಾರದು. ಅದು ಮನೆಯ ಒಡೆಯನಿಗೆ ಲಾಭ. ಬಾಡಿಗೆಯವನಿಗೂ ಚಪ್ಪಲಿ ಹೊಲಿಯುವವನಿಗೂ ಅದರಿಂದ ಕಾಸೂ ಇಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಲೆಕ್ಕಗಳಾಗಿವೆ. ಐವತ್ತು ವರ್ಷ ಬದುಕಿದ ಮರದ ಒಟ್ಟು ಉಪಕಾರದ ಬೆಲೆ ಸುಮಾರು ೧೫ ಲಕ್ಷ ೭೦ ಸಾವಿರ ರೂಪಾಯಿಗಳೆಂದು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊಫೆಸರ್ ಟಿ. ಎಂ. ದಾಸರು ೧೯೭೦ರ ದಶಕದ ಕೊನೆಯಲ್ಲಿ ಗಣಿಸಿದರು. ಬಂಗಾಳದ ರೈಲ್ವೆ ಮೇಲ್ಸೇತುವೆಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ತಜ್ಞರ ಸಮಿತಿಯು ೨೦೨೧ರಲ್ಲಿ ಮರದ ಒಂದೊಂದು ವರ್ಷಕ್ಕೆ ೭೪,೫೦೦ ರೂಪಾಯಿಗಳಂತೆ ಬೆಲೆ ಕಟ್ಟಿತು. ಈ ಅಂಕೆಗಳಲ್ಲಿ ಆಮ್ಲಜನಕವೇ ಮೊದಲಾದ, ನಾವು ಮೇಲೆ ಬಿಟ್ಟುಬಿಡಬೇಕೆಂದ ಬಾಬುಗಳೂ ಸೇರಿವೆಯಾದುದರಿಂದ ಇವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಇವುಗಳಿಂದ ಒಂದು ಪ್ರಯೋಜನವಾಯಿತು. ಅದುವರೆಗೆ ಮರದ ಬೆಲೆಯೆಂದರೆ ಕಡಿದಮೇಲೆ ಸಿಕ್ಕುವ ಸೌದೆಯ ಬೆಲೆ; ಈಗ ನಿಂತ ಮರಕ್ಕೂ ಬೆಲೆಯುಂಟೆಂಬ ಮಾತನ್ನು ನ್ಯಾಯಸ್ಥಾನವು ಕೇಳಿತು.

ಕಡಿದು ನೆಡುವ ನ್ಯಾಯ

ರಸ್ತೆಯ ಅಗಲೀಕರಣದ ಸಮಯದಲ್ಲಿ ಹೇಳುವ ಸಮಾಧಾನ ಒಂದುಂಟು: ಒಂದನ್ನು ಕಡಿದರೆ ಹತ್ತನ್ನು ನೆಡುವೆವು. ಕೇಳಲು ಇಂಪಾದ ಮಾತು. ಇದನ್ನು ಪ್ರಾಥಮಿಕ ಶಾಲೆಯ ಗಣಿತದಿಂದ ಪರೀಕ್ಷಿಸಬಹುದು. ಹಳೆಯ ಮಳೆಮರವೊಂದರ ಹರವು ಅಡ್ಡಕ್ಕೆ ೪೫ ಅಡಿಯೆಂದಿಟ್ಟುಕೊಳ್ಳೋಣ. ಹೊಸ ಸಸಿಯ ಹರವು ೩ ಅಡಿ. ಅಡ್ಡಳತೆಯಲ್ಲಿ ಹದಿನೈದರಷ್ಟಾದರೆ ನೆರಳಿನ ಕ್ಷೇತ್ರಫಲದಲ್ಲಿ ಹದಿನೈದು ಹದಿನೈದಲೆ ೨೨೫ರಷ್ಟು. ಕಡಿದ ಮರದ ನೆರಳು ನಾಳೆಯೇ ಬೇಕಾದರೆ ನೆಡಬೇಕಾದ ಸಸಿಗಳು ಹತ್ತಲ್ಲ, ಇನ್ನೂರ ಇಪ್ಪತ್ತೈದು. ಆ ಹತ್ತು ಸಸಿಗಳನ್ನಾದರೂ ನೆಡುವುದು ಕಡಿದ ಬೀದಿಯಲ್ಲಿಯೆ? ಬಹುಸಲ ಊರಾಚೆಯ ಯಾವುದೋ ಬಯಲಿನಲ್ಲಿ. ಬಯಲಿನ ಸಸಿಯು ಮುಂದೊಂದು ದಿನ ಮರವಾದರೂ ಈ ಬೀದಿಯ ಹೂವಿನವಳಿಗೆ ನೆರಳು ಕೊಡದು.

ಇದರರ್ಥ ಯಾವ ಮರವನ್ನೂ ಎಂದಿಗೂ ಕಡಿಯಕೂಡದೆಂದಲ್ಲ. ಬುಡ ಟೊಳ್ಳಾದ, ಒಂದು ಕಡೆಗೆ ವಾಲಿದ ಮರವನ್ನು ಉಳಿಸುವುದು ದಯೆಯಲ್ಲ, ಅಜಾಗರೂಕತೆ. ಆದರೆ ಬೆಳೆದ, ಆರೋಗ್ಯವಾಗಿರುವ ಮರವನ್ನು ತೆಗೆಯುವ ಮೊದಲು ಬೇರೆ ದಾರಿಗಳನ್ನೆಲ್ಲ ನೋಡಿರಬೇಕು. ಬೆಂಗಳೂರಿನಲ್ಲಿ ೨೦೧೬ರಲ್ಲಿ ಹೆಬ್ಬಾಳದ ಕಡೆಗೆ ಉಕ್ಕಿನ ಮೇಲುಸೇತುವೆಯನ್ನು ಕಟ್ಟಲು ನೂರಾರು ಮರಗಳನ್ನು ಕಡಿಯಬೇಕಾಗುವುದೆಂದಾಗ ನಾಗರಿಕರು ಕೈಕೈ ಹಿಡಿದು ದಾರಿಯುದ್ದಕ್ಕೂ ನಿಂತರು. ೨೦೧೭ರಲ್ಲಿ ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಸೇತುವೆ ಬೇಕಾಗಿತ್ತೋ ಇಲ್ಲವೋ ಎಂಬ ವಾದವು ಬೇರೆ. ಗೃಹಸ್ಥರು ತಮ್ಮ ಮನೆಯ ಮುಂದಿನದಲ್ಲದ ಮರಗಳಿಗಾಗಿ ಬಿಸಿಲಿನಲ್ಲಿ ನಿಂತರೆಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ.

ಗೃಹಸ್ಥರು ಮಾಡಬಹುದಾದುದು

ಮರದ ಶಿಲ್ಕು ಹೆಚ್ಚಾಗುವುದೂ ಕಡಿಮೆಯಾಗುವುದೂ ಮುಖ್ಯವಾಗಿ ನೆಡುವ ದಿನವೇ ನಿರ್ಣಯವಾಗುವುದು. ಬೀದಿಯನ್ನು ನೋಡಿ ಮರವನ್ನು ಆರಿಸಬೇಕು. ಅಗಲವಾದ ರಸ್ತೆಗೆ ಹೊಂಗೆ, ಬೇವು, ನೇರಳೆ, ಮಹಾಗನಿಗಳು ತಕ್ಕವು. ತಂತಿಗಳು ಹಾಯುವ ಸಣ್ಣ ಬೀದಿಗೆ ಕಕ್ಕೆ, ಮಂದಾರಗಳಂತಹ ಚಿಕ್ಕ ಮರಗಳು ಸಾಕು. ಆಲ ಅರಳಿಗಳು ಪೂಜ್ಯವಾದರೂ ಓಣಿಯಲ್ಲಿ ನೆಡತಕ್ಕವಲ್ಲ. ಅವಕ್ಕೆ ಕಟ್ಟೆಯೊಡನೆ ಬಯಲು ಬೇಕು. ಮನೆಗೆ ಮನೆ ತಾಗಿರುವ ಬಡವರ ಕೇರಿಗಳಲ್ಲಿ ಮರಕ್ಕೆ ಜಾಗವೇ ಇಲ್ಲವೆಂದು ಕೈಬಿಡುವುದುಂಟು. ಬಿಸಿಲು ಹೆಚ್ಚು ಬಾಧಿಸುವುದು ತಗಡಿನ ಮಾಡುಗಳಿರುವ ಅಲ್ಲಿಯೇ. ಕೇರಿಯ ಬಾಯಲ್ಲಿ, ನಲ್ಲಿಯ ಬಳಿಯಲ್ಲಿ, ಶಾಲೆಯ ಮೂಲೆಯಲ್ಲಿ ಒಂದೊಂದು ದೊಡ್ಡ ಮರಕ್ಕೆ ಎಡೆಯನ್ನು ಹುಡುಕಬಹುದು. ಮನೆಯ ಮಗ್ಗುಲಲ್ಲಿ ನುಗ್ಗೆ ಕರಿಬೇವುಗಳಾದರೂ ಬೆಳೆದಾವು. ಹೊಸದಾಗಿ ನೆಡುವ ಹಣದಲ್ಲಿ ಮೊದಲ ಪಾಲು ಇಂತಹ ಕೇರಿಗಳಿಗೆ ಸಲ್ಲತಕ್ಕುದೆಂದು ನಮ್ಮ ದೃಢವಾದ ಅಭಿಪ್ರಾಯ.

ಮುಂಗಾರು ನೆಲೆಗೊಂಡ ಮೇಲೆ, ಮೂರು ಅಡಿ ಉದ್ದ ಅಗಲ ಆಳಗಳ ಗುಂಡಿಯನ್ನು ತೋಡಿ, ಆಳೆತ್ತರಕ್ಕೆ ಬೆಳೆದ ಸಸಿಯನ್ನು ನೆಡಬೇಕು. ಮೊಳದುದ್ದದ ಸಸಿಯು ಬೀದಿಯ ದನಕ್ಕೂ ಹುಡುಗರಿಗೂ ಬಲಿಯಾಗುವುದು. ಎರಡು ಮೂರು ಬೇಸಗೆಗಳಲ್ಲಿ ನೀರು ಹೊಯ್ಯುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅಕ್ಕಿ ತರಕಾರಿಗಳನ್ನು ತೊಳೆದ ನೀರೇ ಇದಕ್ಕೆ ಸಾಕಾಗುವುದು. ಬುಡದ ಸುತ್ತ ಒಂದು ಗಜದಷ್ಟಾದರೂ ಮಣ್ಣು ತೆರೆದಿರಲಿ. ಉದುರಿದ ಎಲೆಗಳನ್ನು ಸುಡದೆ ಬುಡಕ್ಕೆ ಹಾಕಿದರೆ ಗೊಬ್ಬರವಾಗುವುದು. ಕಾಂಡಕ್ಕೆ ಮೊಳೆ ಹೊಡೆದು ಫಲಕ ತೂಗಹಾಕುವವರನ್ನು ತಡೆಯಬೇಕು. ಕೊಂಬೆಯಿಂದ ಅಪಾಯವೆಂದು ತೋರಿದರೆ ಕೂಲಿಯವನ ಕೈಗೆ ಕೊಡಲಿ ಕೊಡುವುದು ತಪ್ಪು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿಯುಳ್ಳ ಕೆಲವು ಜಾತಿಗಳನ್ನು ಬಿಟ್ಟರೆ, ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮುಂಗಾರಿಗೆ ಎರಡು ತಿಂಗಳು ಮುಂಚೆಯೇ ಬೀದಿಯವರೆಲ್ಲರೂ ಸೇರಿ ಅರ್ಜಿ ಬರೆದುಕೊಂಡರೆ ಒಬ್ಬನ ದೂರಿಗಿಂತ ಅದಕ್ಕೆ ತೂಕ ಹೆಚ್ಚು.

ಬೀದಿಯವರೆಲ್ಲರೂ ಎಂದೆವಷ್ಟೆ, ಈ ಲೆಕ್ಕದ ಸಾರವು ಆ ಮಾತಿನಲ್ಲಿಯೇ ಇದೆ. ಮರದ ನೆರಳು ಬೀದಿಗೆಲ್ಲ. ಬೇರಿನ ಬಾಧೆ ಒಂದು ಮನೆಗೆ. ಖರ್ಚು ಇಂದಿನದು, ಜಮೆಯು ಇಪ್ಪತ್ತು ವರ್ಷಗಳ ಮೇಲಿನದು. ಒಂದೊಂದು ಮನೆಯೂ ತನ್ನ ತನ್ನ ಲೆಕ್ಕವನ್ನೇ ನೋಡಿಕೊಂಡರೆ ಒಂದೊಂದಾಗಿ ಎಲ್ಲ ಮರಗಳೂ ಹೋಗುವುವು. ಹೋದಮೇಲೆ ಎಲ್ಲರೂ ಒಟ್ಟಿಗೆ ಬಿಸಿಲಿನಲ್ಲಿ ಬೇಯುವರು. ಆದುದರಿಂದ ಮರವು ಬೇಕೆನ್ನುವವರು ಮರದ ಮುಂದಿನ ಮನೆಯವನ ಕಷ್ಟದಲ್ಲಿ ಪಾಲುಗೊಳ್ಳಬೇಕು. ಅವನ ಬಿರಿದ ಚರಂಡಿಯು ಬೀದಿಯ ಖರ್ಚಿನಲ್ಲಿ, ನಗರಪಾಲಿಕೆಯ ಖರ್ಚಿನಲ್ಲಿ ರಿಪೇರಿಯಾಗಬೇಕು. ಅವನ ಅಂಗಳದ ಎಲೆಯನ್ನು ಗುಡಿಸಲು ನೆರೆಯ ಹುಡುಗರು ವಾರಕ್ಕೊಮ್ಮೆ ಬರಬೇಕು. ಹೀಗೆ ಖರ್ಚನ್ನು ಹಂಚಿಕೊಂಡರೆ ಕೊಡಲಿಯನ್ನು ಕೇಳುವವರು ತಾವಾಗಿಯೇ ಕಡಿಮೆಯಾಗುವರು.

ಈ ವರ್ಷದ ಮಳೆ ಬರುವ ಮೊದಲು ವಾಚಕರು ತಮ್ಮ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಮ್ಮೆ ನಡೆದು ಬರಲಿ. ಎಷ್ಟು ಮರಗಳಿವೆ, ಯಾವುದರ ಬುಡ ಸಿಮೆಂಟಿನಲ್ಲಿ ಹೂತಿದೆ, ಯಾವುದರ ಕೊಂಬೆ ಒಣಗಿದೆ, ಎಲ್ಲಿ ನೆರಳಿಲ್ಲದೆ ಜನರು ನಿಂತಿರುವರು, ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಲಿ. ಆ ಕಾಗದವನ್ನು ನೆರೆಮನೆಯವರಿಗೆ ತೋರಿಸಿದ ದಿನವೇ ಕೆಲಸವು ಅರ್ಧವಾದಂತೆ.